ಮೊದಲ ನಾಲ್ಕು ಅಕ್ಷರ ತಿದ್ದಿದರೆ ಹಳೆಯ ಡೊಮೈನ್ ಹೊಸದಾಗುವುದಿಲ್ಲ

ಪ್ರಶ್ನೆ: ಜಪಾನಿ ಗ್ರಾಹಕರೊಬ್ಬರ ಹಳೆಯ ಸರ್ವರನ್ನು ಸ್ಥಳಾಂತರಿಸುತ್ತಿದ್ದೇವೆ. ಕಾನ್ಫಿಗ್ ಫೈಲಿನಲ್ಲಿ ಒಂದು ಡಾಟ್ ಕಾಮ್ ಹೆಸರು ‘ಬಿಕ್ಯೂ--’ ಎಂದು ಶುರುವಾಗುತ್ತದೆ. ಅದರ ಜಾಗದಲ್ಲಿ ‘ಎಕ್ಸ್‌ಎನ್--’ ಹಾಕಿದರೂ ಸೈಟ್ ತೆರೆಯುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಹಾಕಿದ್ದನ್ನು ತೆಗೆಯಿರಿ. ಪ್ರಿಫಿಕ್ಸ್, ಅಂದರೆ ಹೆಸರಿನ ಮೊದಲಿನ ಗುರುತು, ತಿದ್ದಿ, ಆಮೇಲೆ ನನಗೆ ಬರೆಯುವವರು ಇನ್ನೂ ಕಡಿಮೆಯಾಗಿಲ್ಲ.

‘ಬಿಕ್ಯೂ’ ಎಂಬುದು ರೇಸ್ ಎನ್‌ಕೋಡಿಂಗಿನ ಗುರುತು; ಬೇರೆ ಲಿಪಿಯ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯುವ ಹಳೆಯ ವಿಧಾನ ಅದು. 2000ದ ನವೆಂಬರಿನಲ್ಲಿ ಡಾಟ್ ಕಾಮ್ ನೋಂದಣಿ ನೋಡಿಕೊಳ್ಳುವ ವೆರಿಸೈನ್ ಕಂಪನಿ ಚೀನೀ, ಜಪಾನಿ, ಕೊರಿಯನ್ ಹೆಸರುಗಳ ಪ್ರಾಯೋಗಿಕ ನೋಂದಣಿ ಶುರುಮಾಡಿದಾಗ ಬಳಸಿದ್ದು ಇದನ್ನೇ. ಸ್ಟ್ಯಾಂಡರ್ಡ್ ಬಂದದ್ದು 2003ರ ಮಾರ್ಚಿನಲ್ಲಿ. ಆರ್‌ಎಫ್‌ಸಿ 3490 ಎಂಬ ಇಂಟರ್ನೆಟ್ ಮಾನದಂಡ ದಾಖಲೆ ಮತ್ತು ಅದರ ಜೊತೆಗಿನವು ಪ್ಯೂನಿಕೋಡ್ ಎಂಬ ಬೇರೆ ವಿಧಾನವನ್ನು ಆರಿಸಿಕೊಂಡವು. ‘ಎಕ್ಸ್‌ಎನ್--’ ಅದರ ಗುರುತು.

ಎರಡರ ಲೆಕ್ಕಾಚಾರವೇ ಬೇರೆ. ರೇಸ್, ಪ್ರತಿ ಅಕ್ಷರಕ್ಕೂ ಯೂನಿಕೋಡ್ ಕೊಟ್ಟ ಸಂಖ್ಯೆಗಳನ್ನು ಒತ್ತಿ ಕುಗ್ಗಿಸಿ, ಇಡೀ ಹೆಸರನ್ನು ಬೇಸ್-32ಕ್ಕೆ, ಅಂದರೆ 32 ಚಿಹ್ನೆಗಳ ಬರಹಕ್ಕೆ, ಇಳಿಸುತ್ತದೆ. ಮಧ್ಯೆ ಇಂಗ್ಲಿಷ್ ಅಕ್ಷರವಿದ್ದರೆ ಅದೂ ಗುರುತು ಸಿಗದಂತೆ ಕರಗಿಹೋಗುತ್ತದೆ. ಪ್ಯೂನಿಕೋಡ್ ಇಂಗ್ಲಿಷ್ ಅಕ್ಷರಗಳನ್ನು ಹಾಗೆಯೇ ಮುಂದಿಡುತ್ತದೆ. ಮ್ಯೂನಿಕ್ ನಗರದ ಜರ್ಮನ್ ಹೆಸರನ್ನೇ ನೋಡಿ: ಪ್ರಿಫಿಕ್ಸ್ ಆದಮೇಲೆ ‘ಎಂಎನ್‌ಸಿಎಚ್‌ಇಎನ್’, ಒಂದು ಗೆರೆ, ಕೊನೆಗೆ ‘3ವೈಎ’. ಬಿಟ್ಟುಹೋದದ್ದು ಎರಡು ಚುಕ್ಕಿಯ ‘ಯು’, ಅದರ ಜಾಗ ಎರಡನೆಯದು ಎಂಬಷ್ಟೂ ಆ ಮೂರು ಅಕ್ಷರಗಳಲ್ಲಿದೆ. ಹೀಗಿರುವಾಗ ರೇಸ್ ಬಾಲಕ್ಕೆ ಹೊಸ ತಲೆ ಅಂಟಿಸಿದರೆ ಡಿಕೋಡರ್ ದೋಷ ತೋರಿಸುತ್ತದೆ, ಇಲ್ಲವೇ ಸಂಬಂಧವೇ ಇಲ್ಲದ ಅಕ್ಷರಗಳನ್ನು ಉದುರಿಸುತ್ತದೆ. ಆ ಹೆಸರು ಬೇರೆಯವರದ್ದಾಗಿದ್ದರೆ ನಿಮ್ಮ ಗ್ರಾಹಕರ ಮೇಲ್ ಅವರಿಗೆ ಹೋಗುತ್ತದೆ.

ಸರಿಯಾದ ದಾರಿ ಒಂದೇ. ರೇಸ್ ಡಿಕೋಡರ್‌ನಿಂದ ಮೂಲ ಯೂನಿಕೋಡ್ ಹೆಸರು ಪಡೆಯಿರಿ, ಅದನ್ನು ಈಗಿನ ಲೈಬ್ರರಿಗೆ ಕೊಟ್ಟು ಪ್ಯೂನಿಕೋಡ್ ಮಾಡಿಸಿ. ನಡುವೆ, ಸಿಕ್ಕ ಹೆಸರನ್ನು ಗ್ರಾಹಕರಿಗೆ ತೋರಿಸಿ ‘ಇದು ನಿಮ್ಮದೇ?’ ಎಂದು ಕೇಳಿ. ಜಪಾನಿ ಓದಬಲ್ಲವರು ಹೌದು ಎನ್ನುವ ತನಕ ಹಳೆಯ ಸರ್ವರನ್ನು ನಾನಾದರೆ ಮುಟ್ಟುವುದಿಲ್ಲ. ನೋಂದಣಿ ಈಗ ಯಾರ ಹೆಸರಿನಲ್ಲಿದೆ ಎಂದೂ ನೋಡಿ. ಅವಧಿ ಮುಗಿದು ಕೈತಪ್ಪಿದ ಹೆಸರು ಎನ್‌ಕೋಡಿಂಗ್ ಬದಲಿಸಿದ ಮಾತ್ರಕ್ಕೆ ಮರಳಿ ಬರುವುದಿಲ್ಲ.

ಪ್ರಶ್ನೆ: ‘ಎನ್‌ಕೋಡಿಂಗ್ ನವೀಕರಣ ಶುಲ್ಕ’ ಕಟ್ಟದಿದ್ದರೆ ನಮ್ಮ .ಭಾರತ ಹೆಸರು ನಿಲ್ಲುತ್ತದೆ ಎಂದು ಕರೆ ಬಂದಿದೆ.

ಉತ್ತರ: ವಂಚನೆ. ಕನ್ನಡದ .ಭಾರತ ಹುಟ್ಟಿದ್ದೇ ಪ್ಯೂನಿಕೋಡಿನಲ್ಲಿ: ‘ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ’. ನವೀಕರಿಸಲು ಅಲ್ಲಿ ಏನೂ ಇಲ್ಲ. ಒಂದು ಪೈಸೆ ಕೊಡಬೇಡಿ.

ಪ್ರಶ್ನೆ: ‘ಸಾಫ್ಟ್‌ವೇರ್’ ಎಂಬ ಪದ ಡೊಮೈನಿನಲ್ಲಿ ‘ಸಾಫ್ಟ್ವೇರ್’ ಆಗಿಬಿಡುತ್ತದೆ, ಯಾಕೆ?

ಉತ್ತರ: ಒತ್ತು ಬಿಡಿಸುವ ಆ ಕಾಣದ ಅಕ್ಷರವನ್ನು 2003ರ ನಿಯಮ ಸದ್ದಿಲ್ಲದೆ ಅಳಿಸುತ್ತದೆ. 2010ರಲ್ಲಿ ಪ್ರಕಟವಾದ ನಿಯಮ, ಹಲಂತದ ನಂತರ ಬಂದರೆ ಅದನ್ನು ಒಪ್ಪುತ್ತದೆ. ಅಂದರೆ ಒಂದೇ ಪದ, ತಂತ್ರಾಂಶ ಯಾವ ನಿಯಮ ಪಾಲಿಸುತ್ತದೋ ಅದಕ್ಕೆ ತಕ್ಕಂತೆ ಎರಡು ವಿಳಾಸ. ‘ರ‍್ಯಾಂಕ್’ ಇನ್ನೂ ಕಷ್ಟ: ಅಲ್ಲಿ ಕಾಣದ ಅಕ್ಷರ ಹಲಂತಕ್ಕಿಂತ ಮೊದಲು ಬರುವುದರಿಂದ ಹೊಸ ನಿಯಮಕ್ಕೂ ಅದು ಒಪ್ಪಿಗೆಯಿಲ್ಲ. ಇಂಥ ಪದಗಳನ್ನು ಡೊಮೈನಿಗೆ ಆರಿಸಲೇಬೇಡಿ.

ಪ್ರಶ್ನೆ: ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರನ್ನು ನೋಂದಾಯಿಸಬಹುದೇ?

ಉತ್ತರ: ಇಲ್ಲ. ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿ.