ದಬ್ಬುತ್ತಲೇ ಇದ್ದರೂ ಗಾಡಿಯ ವೇಗ ಏಕೆ ಹೆಚ್ಚುವುದಿಲ್ಲ?

ಪ್ರಶ್ನೆ: ಬಲ ಪ್ರಯೋಗಿಸಿದರೆ ವೇಗೋತ್ಕರ್ಷ ಉಂಟಾಗುತ್ತದೆ ಎಂದು ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಓದುತ್ತಿದ್ದಾಳೆ. ನಮ್ಮ ಮಾರುಕಟ್ಟೆಯಲ್ಲಿ ಹಮಾಲರು ಮೆಣಸಿನಕಾಯಿ ಚೀಲಗಳ ಗಾಡಿಯನ್ನು ಒಂದೇ ಸಮನೆ ದಬ್ಬುತ್ತಿದ್ದರೂ ಅದರ ವೇಗ ಹೆಚ್ಚುವುದಿಲ್ಲವಲ್ಲ? ಭಾರವನ್ನೆಲ್ಲ ಗಾಲಿಗಳೇ ಹೊತ್ತಿರುವಾಗ ಗಾಡಿಯನ್ನು ಹೊರಡಿಸಲು ಅಷ್ಟೊಂದು ಬಲ ಏಕೆ ಬೇಕು?
— ಓದುಗರೊಬ್ಬರು, ಬ್ಯಾಡಗಿ

ಉತ್ತರ: ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದರೆ ಬಲ ದೊರೆಯುತ್ತದೆ ಎಂಬ ನಿಯಮದಲ್ಲಿ ಲೆಕ್ಕಕ್ಕೆ ಬರುವುದು ಹಮಾಲರ ಬಲವೊಂದೇ ಅಲ್ಲ, ಗಾಡಿಯ ಮೇಲೆ ವರ್ತಿಸುವ ಎಲ್ಲ ಬಲಗಳನ್ನೂ ಕೂಡಿ ಕಳೆದ ಮೇಲೆ ಉಳಿಯುವ ನಿವ್ವಳ ಬಲ. ಚೀಲಗಳೂ ಸೇರಿ ಗಾಡಿಯ ದ್ರವ್ಯರಾಶಿ 200 ಕಿಲೋಗ್ರಾಂ, ಗಾಲಿಗಳ ಘರ್ಷಣೆ 100 ನ್ಯೂಟನ್ ಎಂದಿಟ್ಟುಕೊಳ್ಳೋಣ. 150 ನ್ಯೂಟನ್ ಬಲದಿಂದ ದಬ್ಬಿದರೆ 100 ನ್ಯೂಟನ್ ಘರ್ಷಣೆಗೇ ಸಂದುಹೋಗಿ 50 ಉಳಿಯುತ್ತದೆ. ಅದನ್ನು 200ರಿಂದ ಭಾಗಿಸಿದರೆ 0.25. ಅಂದರೆ ಒಂದೊಂದು ಸೆಕೆಂಡು ಕಳೆದಂತೆಯೂ ಗಾಡಿಯ ವೇಗ ಸೆಕೆಂಡಿಗೆ ಕಾಲು ಮೀಟರಿನಷ್ಟು ಹೆಚ್ಚುತ್ತ, 4 ಸೆಕೆಂಡುಗಳಲ್ಲಿ ನಿಧಾನ ನಡಿಗೆಯ ವೇಗಕ್ಕೆ, ಎಂದರೆ ಸೆಕೆಂಡಿಗೆ 1 ಮೀಟರಿಗೆ ಬರುತ್ತದೆ. ಅಲ್ಲಿಂದಾಚೆಗೆ ನುರಿತ ಹಮಾಲರ ಕೈ ತಾನಾಗಿಯೇ ಸಡಿಲಗೊಂಡು, ಘರ್ಷಣೆಯನ್ನು ಸರಿದೂಗಿಸುವ 100 ನ್ಯೂಟನ್ ಬಲವನ್ನಷ್ಟೇ ಹಾಕುತ್ತದೆ. ಆಗ ನಿವ್ವಳ ಬಲ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ. ವೇಗ ಮಾತ್ರ ಇದ್ದಷ್ಟೇ ಇರುತ್ತದೆ. ಕೈಬಿಟ್ಟರೆ ಘರ್ಷಣೆಯೊಂದೇ ಉಳಿದು, ಗಾಡಿ 2 ಸೆಕೆಂಡುಗಳಲ್ಲಿ ಇನ್ನೊಂದು ಮೀಟರ್ ಸಾಗಿ ನಿಲ್ಲುತ್ತದೆ.

ನಿಮ್ಮ ಸಂಶಯ ಬಹಳ ಹಳೆಯದು, ಗೌರವಕ್ಕೂ ಅರ್ಹವಾದುದು. ಚಲನೆ ಮುಂದುವರಿಯಲು ಬಲ ಬೇಕೇ ಬೇಕೆಂದು ಅರಿಸ್ಟಾಟಲನೂ ನಂಬಿದ್ದ. ಕಣ್ಣಿಗೆ ಕಾಣದ ಘರ್ಷಣೆಯನ್ನು ಬೇರ್ಪಡಿಸಿ ಯೋಚಿಸಿದವನು ಗೆಲಿಲಿಯೊ. ಚಲನೆಯ ನಿಯಮಗಳನ್ನು ನ್ಯೂಟನ್ 1687ರಲ್ಲಿ ಪ್ರಕಟಿಸಿದ.

ಇನ್ನು ಎರಡನೆಯ ಪ್ರಶ್ನೆ. ಗಾಡಿಯ ತೂಕ, ಅಂದರೆ ಭೂಮಿ ಅದನ್ನು ಕೆಳಕ್ಕೆ ಸೆಳೆಯುವ ಸುಮಾರು 1,960 ನ್ಯೂಟನ್ ಬಲವನ್ನು ನೆಲವೇ ತಡೆದು ನಿಲ್ಲಿಸಿದೆ, ನಿಜ. ಆದರೆ ವೇಗ ಬದಲಾಗುವುದನ್ನು ವಿರೋಧಿಸುವುದು ದ್ರವ್ಯರಾಶಿ, ಅದು ಯಾವ ದಿಕ್ಕಿನಲ್ಲೂ ಕಡಿಮೆಯಾಗದು. ಗುರುತ್ವವೇ ಇಲ್ಲದ ಕಡೆ ಇಟ್ಟರೂ ಅದೇ 50 ನ್ಯೂಟನ್ ನಿವ್ವಳ ಬಲಕ್ಕೆ ಈ ಗಾಡಿ ಪಡೆಯುವುದು ಅದೇ 0.25 ವೇಗೋತ್ಕರ್ಷವನ್ನು, 50 ಕಿಲೋಗ್ರಾಂನ ಖಾಲಿ ಗಾಡಿಯಾದರೆ ಅದರ ನಾಲ್ಕು ಪಟ್ಟು. ಇದರ ಜೊತೆಗೆ ಹೇರು ಹೆಚ್ಚಿದಂತೆ ಘರ್ಷಣೆಯೂ ಹೆಚ್ಚುತ್ತದೆ. ನಿಂತ ಗಾಡಿಯನ್ನು ಕದಲಿಸುವಾಗಲಂತೂ ಅದು ಇನ್ನಷ್ಟು ಬಿಗಿಯಾಗಿರುತ್ತದೆ.

ನಿಲ್ಲಿಸುವಾಗಲೂ ಇದೇ ಲೆಕ್ಕ. ಅಷ್ಟೇ ವೇಗದ ಖಾಲಿ ಗಾಡಿಗಿಂತ ಹೇರಿದ ಗಾಡಿಯನ್ನು ಅಷ್ಟೇ ಹೊತ್ತಿನಲ್ಲಿ ನಿಲ್ಲಿಸಲು ನಾಲ್ಕು ಪಟ್ಟು ಬಲ ಬೇಕಾಗುವುದರಿಂದ, ಇಳಿಜಾರಿನಲ್ಲಿ ಅಂಥ ಗಾಡಿಯ ಎದುರು ನಿಂತು ತಡೆಯಲು ಯಾರೂ ಹೋಗಬಾರದು.