ಬೆಂಗಳೂರಿಗೆ ಹೋಗಿ, ಸಾಗರದ ಮನೆ ಮಾರಬೇಡಿ

ಪ್ರಶ್ನೆ: ನನಗೆ 63 ವರ್ಷ, ಊರು ಸಾಗರ. ಹೈಸ್ಕೂಲು ಮೇಷ್ಟ್ರಾಗಿದ್ದ ಯಜಮಾನರು ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಕುಟುಂಬ ಪಿಂಚಣಿ ಬರುತ್ತದೆ, ಅವರೇ ಕಟ್ಟಿಸಿದ ಮನೆಯಿದೆ. ಮಗ ಬೆಂಗಳೂರಿನಲ್ಲಿ, ಮಗಳು ಹೊನ್ನಾವರದಲ್ಲಿ. ‘ಒಬ್ಬಳೇ ಯಾಕಿರ್ತೀಯ, ಮನೆ ಮಾರಿ ನಮ್ಮ ಜೊತೆ ಬಂದುಬಿಡು, ಫ್ಲ್ಯಾಟಿನ ಸಾಲವೂ ತೀರುತ್ತೆ’ ಎನ್ನುತ್ತಾನೆ ಮಗ. ಸೊಸೆಯ ಹೆರಿಗೆ ರಜೆ ಜೂನಿಗೆ ಮುಗಿಯುತ್ತದೆ. ಹೋದ ತಿಂಗಳು ಹದಿನೈದು ದಿನ ಅಲ್ಲಿದ್ದೆ. ಮಗು ನನ್ನ ಹೆಗಲ ಮೇಲೇ ನಿದ್ದೆ ಹೋಗುತ್ತಿತ್ತು. ಆದರೆ ಏಳನೇ ಮಹಡಿಯಲ್ಲಿ ಹಗಲು ಕಳೆಯುವುದೇ ಇಲ್ಲ. ಇಲ್ಲಿ ಗೀಸರ್ ಇದ್ದರೂ ದಿನಾ ಬೆಳಗ್ಗೆ ಬಚ್ಚಲೊಲೆ ಹಚ್ಚುವವಳು ನಾನು. ಬರುವುದಿಲ್ಲ ಎಂದರೆ ಮಗನಿಗೆ ಬೇಸರ. ಮಗಳಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ?

ಉತ್ತರ: ಅಕ್ಕ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ‘ಮಗಳಿಗೆ ಇನ್ನೂ ಹೇಳಿಲ್ಲ’ ಎಂಬಲ್ಲಿ. ಬರೀ ಮಗನ ಮನೆಗೆ ಹೋಗಿ ಇರುವ ಮಾತಾಗಿದ್ದರೆ ಅವತ್ತೇ ಫೋನ್ ಮಾಡಿ ಹೇಳಿರುತ್ತಿದ್ದಿರಿ. ನಾಲಿಗೆ ಏಳದಿರುವುದು ಮನೆ ಮಾರುವ ವಿಷಯಕ್ಕೆ.

ನಿಮ್ಮ ಮಗ ಕೆಟ್ಟವನೆಂದು ನನಗನ್ನಿಸುವುದಿಲ್ಲ. ರಾತ್ರಿ ಅಮ್ಮ ಫೋನ್ ಎತ್ತದಿದ್ದರೆ ಆರು ತಾಸು ದೂರದಲ್ಲಿ ಕೂತವನಿಗೆ ಏನಾಗುತ್ತದೆಂದು ನನಗೂ ಗೊತ್ತು. ಆದರೆ ಅವನು ಮೂರು ಮಾತನ್ನು ಒಂದೇ ಗಂಟು ಕಟ್ಟಿ ನಿಮ್ಮ ಮಡಿಲಿಗೆ ಹಾಕಿದ್ದಾನೆ. ಅಮ್ಮ ಒಬ್ಬಳೇ ಇರಬಾರದು, ಮಗು ನೋಡಿಕೊಳ್ಳಲು ಜನ ಬೇಕು, ಸಾಲ ತೀರಬೇಕು. ಮೊದಲನೆಯದು ನಿಮ್ಮ ವಿಚಾರ. ಉಳಿದೆರಡೂ ಅವನವು. ಗಂಟು ಬಿಚ್ಚಿ ಒಂದೊಂದನ್ನೇ ನೋಡೋಣ.

ಮನೆಯ ಮಾತು ಮೊದಲು. ಯಜಮಾನರು ಉಯಿಲು ಬರೆದಿಟ್ಟಿಲ್ಲವಾದರೆ, ಅವರ ಸ್ವಂತ ದುಡಿಮೆಯ ಆ ಮನೆಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಿಮಗೆ, ಮಗನಿಗೆ, ಮಗಳಿಗೆ ಸಮಪಾಲು. ನಿಮ್ಮ ಅತ್ತೆ ಇನ್ನೂ ಇದ್ದರೆ ಅವರಿಗೂ ಒಂದು ಪಾಲು. ವಂಶವೃಕ್ಷ ಮಾಡಿಸಿದರೆ ಅದರಲ್ಲಿ ಮಗಳ ಹೆಸರು ಬಂದೇ ಬರುತ್ತದೆ, ಅವಳ ಸಹಿಯಿಲ್ಲದೆ ಬುದ್ಧಿಯಿರುವವರು ಯಾರೂ ಆ ಮನೆ ಕೊಳ್ಳುವುದಿಲ್ಲ. ಎಲ್ಲ ಮಾತುಕತೆ ಮುಗಿದ ಮೇಲೆ ‘ಹಕ್ಕು ಬಿಡುಗಡೆ ಪತ್ರಕ್ಕೆ ಒಂದು ಸಹಿ ಹಾಕಿ ಹೋಗು’ ಎಂದು ಹೆಣ್ಣುಮಗಳನ್ನು ಕರೆಸುವ ಮನೆಗಳ ಪತ್ರ ನನಗೆ ಬೇಕಾದಷ್ಟು ಬಂದಿವೆ. ಸಹಿ ಸಿಗುತ್ತದೆ, ಆದರೆ ಮಗಳು ಮತ್ತೆ ಆ ಹೊಸ್ತಿಲು ತುಳಿಯುವುದಿಲ್ಲ.

ಇನ್ನೊಂದು ಕಹಿ ಮಾತು. ನಿಮ್ಮ ಪಾಲಿನ ದುಡ್ಡು ಸಾಲಕ್ಕೆ ಹೋದರೂ ಫ್ಲ್ಯಾಟು ಅವರ ಹೆಸರಿನಲ್ಲೇ ಇರುತ್ತದೆ. ನಿಮಗೆ ಸಿಗುವುದು ಒಂದು ರೂಮು, ಅದೂ ಮಗುವಿಗೆ ಓದುವ ಮೇಜು ಬೇಕಾಗುವ ತನಕ. ಹಾಗಾಗಿ ಮಾರುವ ಮಾತು ಈಗ ಬೇಡ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ, ಮಕ್ಕಳ ಬೇಸರ ಬಹಳ ದಿನ ನಿಲ್ಲುವುದಿಲ್ಲ.

ಮಗುವಿನ ವಿಷಯ ಬೇರೆ. ಅಲ್ಲಿ ನಿಮ್ಮ ಮನಸ್ಸೂ ಎಳೆಯುತ್ತಿದೆ, ಹೆಗಲ ಮೇಲಿನ ನಿದ್ದೆಯ ಮಾತನ್ನು ನೀವಾಗಿಯೇ ಬರೆದಿದ್ದೀರಿ. ಹೋಗಿ. ಆದರೆ ಆಯಾ ಆಗಿ ಅಲ್ಲ, ಅಜ್ಜಿಯಾಗಿ. 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಶಿಶುಪಾಲನಾ ವ್ಯವಸ್ಥೆ ಇರಬೇಕೆಂದು 2017ರಲ್ಲೇ ಹೆರಿಗೆ ಸೌಲಭ್ಯದ ಕಾನೂನಿಗೆ ಸೇರಿಸಿದ್ದಾರೆ. ಸೊಸೆ ಆಫೀಸಿನಲ್ಲಿ ವಿಚಾರಿಸಿದ್ದಾಳೆಯೇ? ‘ಅತ್ತೆ ಬರ್ತಾರೆ’ ಎಂಬ ಧೈರ್ಯವಿದ್ದಾಗ ಯಾರೂ ವಿಚಾರಿಸುವುದಿಲ್ಲ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ತೆವಳುವ ಮಗುವಿನ ಹಿಂದೆ ಓಡುವುದು ನಿಮ್ಮ ಮಂಡಿಗೆ ಆಗದ ಕೆಲಸ. ಅರ್ಧ ದಿನಕ್ಕಾದರೂ ಸಹಾಯಕ್ಕೆ ಒಬ್ಬರನ್ನು ಇಡಿ ಎಂದು ಹೋಗುವ ಮೊದಲೇ ಹೇಳಿ. ಹೋದ ಮೇಲೆ ಹೇಳಿದರೆ ಅದು ದೂರು ಆಗುತ್ತದೆ.

ಹಗಲು ಕಳೆಯದ ಮಾತಿಗೆ ನನ್ನಲ್ಲಿ ಮದ್ದಿಲ್ಲ. ನನ್ನ ಅತ್ತೆ ಬೆಂಗಳೂರಿಗೆ ಬಂದ ಮೊದಲ ತಿಂಗಳು ಒಬ್ಬರೇ ಲಿಫ್ಟ್ ಹತ್ತಲಿಲ್ಲ. ಕೆಳಗಿನ ಇಸ್ತ್ರಿ ಗಾಡಿಯವನು ತೀರ್ಥಹಳ್ಳಿ ಕಡೆಯವನೆಂದು ಯಾರೋ ಹೇಳಿದ್ದೇ ತಡ, ಮಡಿಕೆ ಕೆಡದ ಸೀರೆಯನ್ನೂ ಇಸ್ತ್ರಿಗೆ ಒಯ್ಯತೊಡಗಿದರು. ಮಳೆ ಶುರುವಾಯಿತೇ, ಅಡಿಕೆ ಮರ ಹತ್ತುವ ಕೊನೆಗೌಡ ಸಿಕ್ಕನೇ, ಔಷಧಿ ಹೊಡೆಸಿದರೇ, ಹೀಗೆ ಅರ್ಧ ಗಂಟೆ ಅಡಿಕೆ ತೋಟದ ಮಾತು. ಹದಿನೈದು ದಿನದಲ್ಲಿ ನಿಮಗೆ ಅಂಥವರು ಯಾರೂ ಸಿಗದಿದ್ದುದು ಸಹಜ, ಮೂರು ತಿಂಗಳಿಗೆ ಯಾರಾದರೂ ಸಿಕ್ಕಾರು. ಸಿಗದಿದ್ದರೆ ಬೆಂಗಳೂರು ನಿಮಗಲ್ಲ ಎಂದು ತಿಳಿಯಲು ಅಷ್ಟು ದಿನ ಸಾಕು.

ಈಗ ಲೆಕ್ಕ ಹೀಗೆ. ಜೂನ್ ಮೊದಲ ವಾರ ಹೋಗಿ, ಗಣೇಶ ಚೌತಿಗೆ ಸಾಗರಕ್ಕೆ ಬನ್ನಿ. ಒಂದು ಮಳೆಗಾಲ ಮುಚ್ಚಿಟ್ಟ ಮನೆ ಏನಾಗುತ್ತದೆಂದು ಮಲೆನಾಡಿನವರಿಗೆ ನಾನು ಹೇಳಬೇಕೆ? ಗೋಡೆಗೆ ಬೂಷ್ಟು, ಬಾಗಿಲಿಗೆ ಗೆದ್ದಲು. ಹಿಂದಿನ ಎರಡು ಕೋಣೆಯನ್ನು ಯಾರಾದರೂ ಟೀಚರಿಗೋ ನರ್ಸಿಗೋ 11 ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಕೊಡಿ. ಬಾಡಿಗೆ ಕಡಿಮೆಯಾದರೂ ಚಿಂತೆಯಿಲ್ಲ, ಬಚ್ಚಲೊಲೆಯಲ್ಲಿ ಹೊಗೆ ಏಳುತ್ತಿರಲಿ. ಪಿಂಚಣಿ ಬ್ಯಾಂಕಿಗೇ ಬರುವುದರಿಂದ ಎಲ್ಲಿದ್ದರೂ ತೊಂದರೆಯಿಲ್ಲ, ಆದರೆ ಆ ಎಟಿಎಂ ಕಾರ್ಡು ನಿಮ್ಮ ಪರ್ಸಿನಲ್ಲೇ ಇರಲಿ.

ಇದನ್ನೆಲ್ಲ ಮಗನಿಗೆ ಹೇಳುವ ಮೊದಲು ಹೊನ್ನಾವರಕ್ಕೆ ಫೋನ್ ಮಾಡಿ. ಅವಳ ಒಪ್ಪಿಗೆ ಕೇಳುವುದಕ್ಕಲ್ಲ, ಅವಳಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು ಅಂತ.

ಓಡಾಟಕ್ಕೆ ಶಕ್ತಿ ಯೋಜನೆಯ ಬಸ್ಸಿನಲ್ಲಿ ಕಾಸಿಲ್ಲ, ನಿಜ. ಆದರೆ ಅದು ಸ್ಲೀಪರಿಗೂ ರಾಜಹಂಸಕ್ಕೂ ಇಲ್ಲ, ರಾತ್ರಿಯಿಡೀ ಕೂತು ಬಂದರೆ ನಿಮ್ಮ ಸೊಂಟ ಕೇಳುವುದಿಲ್ಲ. ತಾಳಗುಪ್ಪದಿಂದ ಬರುವ ರಾತ್ರಿ ರೈಲೇ ಸರಿ, ಕೆಳಗಿನ ಬರ್ತ್ ಕೇಳಿ. ರೈಲಿನ ಟಿಕೆಟ್ಟು 60 ದಿನ ಮೊದಲಿಂದ ಸಿಗುತ್ತದೆ. ಚೌತಿಯ ಬುಕಿಂಗ್ ತೆರೆದ ದಿನವೇ ವಾಪಸು ಬರುವ ಟಿಕೆಟ್ಟನ್ನು ಮಗನ ಕೈಯಲ್ಲೇ ಮಾಡಿಸಿ.