ಕುರಿಗೆ ಬೆಟ್ಟದ ಹೆಸರು ಏಕೆ?

ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಕಟಾಡಿನ್ ಕುರಿಗಳ ಬಗ್ಗೆ ಬರೆದಿದ್ದಿರಿ. ಇನ್ನಷ್ಟು ತಿಳಿಯೋಣ ಅಂತ ಹುಡುಕಿದರೆ ಮೊದಲು ಸಿಕ್ಕಿದ್ದು ಒಂದು ಪಾಳೂರು, ಆಮೇಲೆ ಚಿಟ್ಟೆಗಳು. ಕುರಿ ಸಿಗುವಷ್ಟರಲ್ಲಿ ಸಾಕಾಗಿ ಹೋಯಿತು. ಒಂದು ಹೆಸರು ಒಂದಕ್ಕೇ ಇರಬೇಕು ಅಲ್ವಾ? ಕಂಡಕಂಡದ್ದಕ್ಕೆಲ್ಲ ಅದನ್ನೇ ಇಟ್ಟರೆ ಹೆಸರಿಗೆ ಬೆಲೆ ಎಲ್ಲಿ?
— ಒಬ್ಬ ಓದುಗರು

ಸಂಪಾದಕರ ಉತ್ತರ: ನಿಮ್ಮ ಮಾತಿನಲ್ಲಿ ಹುರುಳಿದೆ. ಚಿಟ್ಟೆಯ ವಿಷಯ ಹುಡುಕುವವರಿಗೆ ಕುರಿ ಎದುರಾದರೆ ಬೇಸರವೇ. ಅದಕ್ಕೇ ವಿಜ್ಞಾನಿಗಳು ಪ್ರತಿ ಜೀವಿಗೂ ಲ್ಯಾಟಿನ್ ಹೆಸರು ಇಡುತ್ತಾರೆ. ಅದು ಅವರ ಕೆಲಸಕ್ಕೆ ಬೇಕು.

ಆದರೆ ನೀವು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರೆ ಈ ಪತ್ರವನ್ನೇ ಬರೆಯುತ್ತಿರಲಿಲ್ಲ. ಊರು, ಚಿಟ್ಟೆ, ಕುರಿ ಮೂರೂ ಸಿಕ್ಕವು. ಮೂರಕ್ಕೂ ಆ ಹೆಸರು ಬಂದದ್ದು ಎಲ್ಲಿಂದ ಅಂತ ಕೇಳಲಿಲ್ಲ. ನಕಾಶೆ ತೆಗೆದು ನೋಡಿ. ಮೇನ್ ರಾಜ್ಯದ ಪಿಸ್ಕ್ಯಾಟಕ್ವಿಸ್ ಎಂಬ ಒಂದೇ ಕೌಂಟಿಯೊಳಗೆ (ಅಂದರೆ ಜಿಲ್ಲೆಯೊಳಗೆ) ಮೂರರ ಮೂಲವೂ ಇದೆ. ಅಲ್ಲೇ ಕಟಾಡಿನ್ ಬೆಟ್ಟವೂ ಇದೆ. 1,600 ಮೀಟರ್ ದಾಟಿದ, ಆ ರಾಜ್ಯದಲ್ಲೇ ಅತಿ ಎತ್ತರದ ಬೆಟ್ಟ. ಇವು ಸುಮ್ನೆ ಒಂದೇ ಹೆಸರಿನವಲ್ಲ, ಒಂದೇ ಮನೆಯವು.

ಪಾಳೂರಿನಿಂದಲೇ ಶುರು ಮಾಡೋಣ. ಕಟಾಡಿನ್ ಐರನ್ ವರ್ಕ್ಸ್ ಬೆಟ್ಟದ ಬುಡದಲ್ಲಿಲ್ಲ, ಸಾಕಷ್ಟು ದೂರವೇ ಇದೆ. 1840ರ ದಶಕದಲ್ಲಿ ಕಾಡಿನ ನಡುವೆ ಕಬ್ಬಿಣದ ಅದಿರು ಕರಗಿಸುವ ಊದುಕುಲುಮೆ ಕಟ್ಟಿದರು. ಇದ್ದಿಲಿಗಾಗಿ ಸುತ್ತಲ ಮರ ಕಡಿದರು. ಕೆಲಸಗಾರರಿಗೆ ಮನೆಗಳೆದ್ದವು, ಊರೇ ಬೆಳೆಯಿತು. ಕೊನೆಗೆ ಬೇರೆ ರಾಜ್ಯಗಳ ಅಗ್ಗದ ಕಬ್ಬಿಣದ ಮುಂದೆ ನಿಲ್ಲಲಾಗದೆ 1890ರಲ್ಲಿ ಕುಲುಮೆ ಆರಿತು. ಜನ ಗಂಟುಮೂಟೆ ಕಟ್ಟಿದರು. ಈಗ ಉಳಿದಿರುವುದು ಕಲ್ಲಿನ ಒಂದು ಕುಲುಮೆ, ಜೇನುಗೂಡಿನ ಆಕಾರದ ಒಂದು ಇದ್ದಿಲು ಗೂಡು.

ಚಿಟ್ಟೆಯ ಕತೆ ನನಗೆ ಇದಕ್ಕಿಂತ ಪ್ರಿಯ. ಕಟಾಡಿನ್ ಆರ್ಕ್ಟಿಕ್ ಎಂಬ ಈ ಕಂದು ಬಣ್ಣದ ಚಿಟ್ಟೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಆ ಬೆಟ್ಟದ ನೆತ್ತಿಯಲ್ಲಿ ಮಾತ್ರ ಇದೆ. ಇದರ ಹತ್ತಿರದ ಬಂಧುಗಳೆಲ್ಲ ದೂರದ ಉತ್ತರದಲ್ಲಿ, ಇಲ್ಲವೇ ರಾಕಿ ಪರ್ವತಗಳ ಮೇಲೆ ಇವೆ. ಹಿಮಯುಗ ಮುಗಿದು ಮಂಜು ಹಿಂದೆ ಸರಿದಾಗ ತಂಪನ್ನು ಹುಡುಕುತ್ತ ಮೇಲೇರಿದವು ಅಲ್ಲೇ ಉಳಿದುಬಿಟ್ಟವು. ಅಲ್ಲಿ ಬೇಸಿಗೆ ಎಷ್ಟು ಚಿಕ್ಕದೆಂದರೆ ಮರಿಹುಳು ಚಿಟ್ಟೆಯಾಗಲು ಎರಡು ವರ್ಷ ಬೇಕು. ರೆಕ್ಕೆ ಬಂದ ಮೇಲೆ ಹಾರುವುದು ಜೂನ್ ಕೊನೆ, ಜುಲೈ ತಿಂಗಳಲ್ಲಿ ಕೆಲವೇ ವಾರ. ಅಳಿವಿನ ಅಂಚಿನಲ್ಲಿದೆ ಅಂತ ಮೇನ್ ರಾಜ್ಯ ಇದಕ್ಕೆ ಕಾನೂನಿನ ಕಾವಲು ಕೊಟ್ಟಿದೆ. ಇಷ್ಟೂ ಕಾಲ ಒಂದೇ ಬೆಟ್ಟವನ್ನು ನೆಚ್ಚಿಕೊಂಡು ಬದುಕಿದ ಜೀವಿಗೆ ಬೇರೆ ಯಾವ ಹೆಸರು ಇಡಬೇಕಿತ್ತು, ನೀವೇ ಹೇಳಿ.

ಇನ್ನು ನಿಮ್ಮ ಕುರಿ. ಅಬಟ್ ಎಂಬ ಊರಿನ ಮೈಕೇಲ್ ಪೀಲ್ 1957ರಲ್ಲಿ ಕೆರಿಬಿಯನ್‌ನ ಸೇಂಟ್ ಕ್ರೋಯಿ ದ್ವೀಪದಿಂದ ಉಣ್ಣೆಯಿಲ್ಲದ, ಬರೀ ಕೂದಲಿನ ಕೆಲವು ಕುರಿಗಳನ್ನು ತರಿಸಿದರು. ವಿದ್ಯುತ್ ತಂತಿಗಳ ಕೆಳಗೆ ಬೆಳೆಯುವ ಪೊದೆಗಳನ್ನು ಕುರಿಗಳಿಂದ ಮೇಯಿಸಬಹುದು ಎಂಬ ಯೋಚನೆಯೂ ಅವರಿಗಿತ್ತು. ಸಫೋಕ್, ಹ್ಯಾಂಪ್‌ಶೈರ್ ಮುಂತಾದ ತಳಿಗಳ ಜೊತೆ ಕೂಡಿಸುತ್ತ, ಆರಿಸುತ್ತ ವರ್ಷಗಟ್ಟಲೆ ದುಡಿದರು. ಚಳಿಗಾಲದ ತುಪ್ಪಟವನ್ನು ವಸಂತದಲ್ಲಿ ತಾನೇ ಉದುರಿಸುವ, ಕತ್ತರಿ ಹಾಕಬೇಕಿಲ್ಲದ ಕುರಿ ಸಿದ್ಧವಾಯಿತು. ಇಷ್ಟು ದುಡಿದ ಮನುಷ್ಯ ತನ್ನ ಹೆಸರನ್ನೇ ಇಟ್ಟುಕೊಳ್ಳಬಹುದಿತ್ತು. ತನ್ನ ಸೀಮೆಯ ಬೆಟ್ಟದ ಹೆಸರಿಟ್ಟರು. ಇದನ್ನು ಓದಿದಾಗ ನನಗೆ ಆ ಮನುಷ್ಯನ ಮೇಲೆ ಗೌರವ ಬಂತು.

ಹೆಸರಿನ ಬೆಲೆ ಎಲ್ಲಿ ಅಂತ ಕೇಳಿದಿರಿ. ನನ್ನ ಸಿಟ್ಟು ಇರುವುದೂ ಅಲ್ಲೇ, ಆದರೆ ಬೇರೆ ಕಾರಣಕ್ಕೆ. ಕಟಾಡಿನ್ ಎಂಬುದು ಅಲ್ಲಿನ ಮೂಲನಿವಾಸಿಗಳಾದ ಪೆನಾಬ್‌ಸ್ಕಾಟ್ ಜನರ ಮಾತು. ‘ಎಲ್ಲಕ್ಕಿಂತ ದೊಡ್ಡ ಬೆಟ್ಟ’ ಅಂತ ಅರ್ಥ. ಬೆಟ್ಟದ ಮೇಲೆ ಪಮೋಲ ಎಂಬ ಶಕ್ತಿ ಇದೆ, ಮೂಸ್ ಜಿಂಕೆಯ ತಲೆ, ಮನುಷ್ಯನ ಮೈ, ಹದ್ದಿನ ರೆಕ್ಕೆ ಅದಕ್ಕೆ ಅಂತ ಅವರು ನಂಬಿದ್ದರು. 1846ರಲ್ಲಿ ಅಮೆರಿಕದ ಲೇಖಕ ಥೋರೋ ಹತ್ತಲು ಹೋಗಿ, ಮೋಡ ಕವಿದು ತುದಿ ಮುಟ್ಟದೆ ಇಳಿದ. ಪರ್ಸಿವಲ್ ಬ್ಯಾಕ್ಸ್‌ಟರ್ ರಾಜ್ಯಪಾಲರಾಗಿದ್ದಾಗ ಸರ್ಕಾರದಿಂದ ಈ ಬೆಟ್ಟ ಕೊಳ್ಳಿಸಲಾಗದೆ, 1930ರಿಂದ ಸ್ವಂತ ಹಣದಲ್ಲಿ ನೆಲ ಕೊಂಡು, ಕಾಡು ಕಾಡಾಗೇ ಇರಲಿ ಅಂತ ಜನರಿಗೆ ಕೊಟ್ಟರು. 1962ರ ಹೊತ್ತಿಗೆ ಅದು ಎರಡು ಲಕ್ಷ ಎಕರೆ ದಾಟಿತು. ಎಂಥ ದೊಡ್ಡ ಮನಸ್ಸು! ಬೆಟ್ಟದ ತುದಿಗೆ ಈಗ ಅವರದೇ ಹೆಸರು. ಆದರೆ ಬೆಟ್ಟಕ್ಕೆ ಮೊದಲು ಹೆಸರು ಕೊಟ್ಟ ಜನರ ಗತಿ? ಆ ಭಾಷೆಯನ್ನು ತೊಟ್ಟಿಲಲ್ಲೇ ಕಲಿತವರ ಕೊನೆಯ ತಲೆಮಾರು 1990ರ ದಶಕದಲ್ಲಿ ತೀರಿಹೋಯಿತು. ಈಗ ಮೊಮ್ಮಕ್ಕಳು ಪಾಠ ಹೇಳಿಸಿಕೊಂಡು ಕಲಿಯುತ್ತಿದ್ದಾರೆ. ನಮ್ಮ ಕೋಶಗಳು, ಕೈಪಿಡಿಗಳು ಈ ಒಂದು ಸಾಲನ್ನೂ ಬರೆಯದೆ ‘1. ಊರು 2. ಚಿಟ್ಟೆ 3. ಕುರಿ’ ಅಂತ ಅಂಕಿ ಹಾಕಿ ಕೈತೊಳೆದುಕೊಳ್ಳುತ್ತವೆ. ಹಾಗೆ ತುಂಡು ಮಾಡಿಟ್ಟರೆ ನಿಮ್ಮಂಥ ಶ್ರದ್ಧೆಯ ಓದುಗರಿಗೂ ಗೊಂದಲವಾಗದೆ ಇರುತ್ತದೆಯೇ? ಕಳೆದ ಸಂಚಿಕೆಯಲ್ಲಿ ಕುರಿಯ ಬಗ್ಗೆ ಬರೆಯುವಾಗ ನಾವೂ ಬೆಟ್ಟದ ಮಾತೆತ್ತಲಿಲ್ಲ. ಅದು ನಮ್ಮ ತಪ್ಪು.

ನಿಮ್ಮ ಪಟ್ಟಿಗೆ ಇನ್ನೆರಡು ಸೇರಿಸಿಕೊಳ್ಳಿ. 1932ರಲ್ಲಿ ಅಮೆರಿಕದ ಕೃಷಿ ಇಲಾಖೆ ಬಿಡುಗಡೆ ಮಾಡಿದ ಕಟಾಡಿನ್ ಆಲೂಗಡ್ಡೆ ಒಂದು. 1914ರಲ್ಲಿ ಕಟ್ಟಿದ ಕಟಾಡಿನ್ ಹಡಗು ಇನ್ನೊಂದು. ಆ ಹಡಗು ಅದೇ ಕೌಂಟಿಯ ಮೂಸ್‌ಹೆಡ್ ಸರೋವರದಲ್ಲಿ ಇವತ್ತಿಗೂ ಜನರನ್ನು ಕೂರಿಸಿಕೊಂಡು ಓಡಾಡುತ್ತಿದೆ.